ಸೋಮವಾರ ಆರದ ನೀರು

ನನ್ನ ಕೆಲಸ ಇಷ್ಟೇ. ಬೆಳಿಗ್ಗೆ ಎಂಟೂವರೆಗೆ ಬಾನಿಯ ಮುಂದೆ ಮೊಣಕಾಲೂರಿ ಕೂರುವುದು. ನಿನ್ನೆಯಿಂದ ಇವತ್ತಿಗೆ ಬಿಸಿಲು ಎಷ್ಟು ನೀರು ಕುಡಿದಿದೆ ಎಂದು ನೋಡುವುದು. ಬರೆಯುವುದು.

ಬಾನಿ ಎಂದರೆ ದನ ಕುಡಿಯುವ ಬಾನಿಯಲ್ಲ. ನಾಲ್ಕು ಅಡಿ ಅಗಲದ, ಮೊಣಕೈವರೆಗೂ ಮುಳುಗದಷ್ಟು ಆಳದ ದುಂಡು ತಗಡಿನ ಪಾತ್ರೆ. ಬಿಳಿ ಬಣ್ಣ. ಕೆಳಗೆ ಮರದ ಚೌಕಟ್ಟು. ಹಕ್ಕಿ ಕುಡಿಯಬಾರದೆಂದು ಮೇಲೆ ತಂತಿ ಬಲೆ. ಒಳಗೆ ಒಂದು ಮೊಳೆ ನಿಂತಿದೆ. ನೀರು ಮೊಳೆಯ ತುದಿ ಮುಟ್ಟಬೇಕು. ಒಂದು ದಿನದಲ್ಲಿ ಬಿಸಿಲು, ಗಾಳಿ ಎರಡೂ ಸೇರಿ ನೀರನ್ನು ಎಳೆದುಕೊಳ್ಳುತ್ತವೆ. ತುದಿ ಬಯಲಾಗುತ್ತದೆ. ಆಗ ಹಿತ್ತಾಳೆಯ ಅಳತೆ ಪಾತ್ರೆಯಿಂದ ನೀರು ಹಾಕುತ್ತಾ ಹೋಗಬೇಕು. ತುದಿಗೆ ಮತ್ತೆ ನೀರು ಮುಟ್ಟುವ ಹೊತ್ತಿಗೆ ಎಷ್ಟು ಹಾಕಿದೆನೋ ಅಷ್ಟು ಆರಿಹೋಗಿತ್ತು ಎಂದು ಲೆಕ್ಕ. ಬೇಸಿಗೆಯಲ್ಲಿ ಆರೂವರೆ ಮಿಲಿಮೀಟರು, ಏಳು. ಮೋಡವಿದ್ದರೆ ಮೂರು.

ನೀರು ಹಾಕಿದ ಮೇಲೆ ಅಲುಗಾಟ ನಿಲ್ಲುವವರೆಗೆ ಕಾಯಬೇಕು. ನಾನು ಗಡಿಯಾರ ನೋಡುವುದಿಲ್ಲ. ನಮ್ಮಪ್ಪ ಏಕತಾರಿ ಹಿಡಿದು ಹೇಳುತ್ತಿದ್ದ ಪದವೊಂದನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ. ಮೂರನೇ ನುಡಿ ಮುಗಿಯುವಾಗ ನೀರು ನಿಂತಿರುತ್ತದೆ. ಹನ್ನೊಂದು ವರ್ಷದಿಂದ ಹಾಗೇ ನಿಂತಿದೆ.

ನನ್ನ ಹೆಸರು ಹಂಪವ್ವ. ಪಿಯುಸಿ ಸೈನ್ಸ್ ಪಾಸು. ಕೆಂಚಿಕಟ್ಟೆಯ ಮಾದಿಗರ ಕೇರಿಯವಳು. ಹರಿಹರದಿಂದ ದಾವಣಗೆರೆಗೆ ಹೋಗುವ ರಸ್ತೆಯಲ್ಲಿ ಒಳಗೆ ತಿರುಗಿದರೆ ನಮ್ಮೂರು. ಊರ ಪಕ್ಕದ ಹಳ್ಳಕ್ಕೆ ಅಡ್ಡ ಕಟ್ಟೆ ಕಟ್ಟಿದ್ದಾರೆ. ಮುನ್ನೂರು ಎಕರೆ ನೀರು ನಿಲ್ಲುತ್ತದೆ. ಮಿಕ್ಕಿದ ನೀರು ಹರಿಹರದ ಹತ್ತಿರ ಹೊಳೆ ಸೇರುತ್ತದೆ. ಕಟ್ಟೆಯ ಪಕ್ಕದಲ್ಲಿ ಹವಾಮಾನ ಅಳೆಯುವ ಸಣ್ಣ ಆಫೀಸು. ಬಿಸಿಲು, ಗಾಳಿ, ತೇವ ಎಲ್ಲವನ್ನೂ ಅಲ್ಲಿ ಅಳೆಯುತ್ತಾರೆ. ಬಾನಿ ನನ್ನದು. ಕಾಗದದಲ್ಲಿ ನಾನು ವೀಕ್ಷಕಿ, ದಿನಗೂಲಿ.

ನಾನು ಬರೆದ ಅಂಕಿ ತಿಂಗಳಿಗೊಮ್ಮೆ ದಾವಣಗೆರೆಯ ಆಫೀಸಿಗೆ ಹೋಗುತ್ತದೆ. ಅಲ್ಲಿ ರುಮಾನಾ ಎಂಬ ಹುಡುಗಿ ಅದನ್ನು ಕಂಪ್ಯೂಟರಿಗೆ ಏರಿಸುತ್ತಾಳೆ. ಅವಳ ಮುಖ ನಾನು ನೋಡಿಲ್ಲ. ದನಿ ಗೊತ್ತು. ಕಟ್ಟೆಗೆ ಬಂದ ನೀರೆಷ್ಟು, ಕಾಲುವೆಗೆ ಬಿಟ್ಟಿದ್ದೆಷ್ಟು, ಬಿಸಿಲು ಕುಡಿದದ್ದೆಷ್ಟು ಎಂದು ಅಲ್ಲಿ ಕೂಡಿ ಕಳೆಯುತ್ತಾರೆ. ಮಿಕ್ಕಿದ್ದು ಕಟ್ಟೆಯಲ್ಲಿ ಇರಬೇಕು. ಇಲ್ಲದಿದ್ದರೆ ಯಾರೋ ಕದ್ದಿದ್ದಾರೆ ಎಂದು ಅರ್ಥ.

ಬಾನಿಗೆ ಹಾಕುವ ನೀರು ಆಫೀಸಿನ ನಲ್ಲಿಯದು. ಅದು ಸಾಹೇಬರು ಕುಡಿಯುವ ನೀರಿನ ನಲ್ಲಿಯೂ ಹೌದು. ನಾನು ಆ ನಲ್ಲಿ ಮುಟ್ಟುವಂತಿಲ್ಲ. ಹಾಗೆಂದು ಯಾರೂ ಬರೆದಿಲ್ಲ. ನಲ್ಲಿಗೆ ಕಬ್ಬಿಣದ ಪೆಟ್ಟಿಗೆ ಮಾಡಿಸಿ ಬೀಗ ಹಾಕಿದ್ದಾರೆ, ಅಷ್ಟೆ. ಬೀಗದ ಕೈ ಅಟೆಂಡರ್ ಕೊಟ್ಟೂರಪ್ಪನ ಉಡಿದಾರದಲ್ಲಿದೆ.

ಕೊಟ್ಟೂರಪ್ಪ ಒಳ್ಳೆಯ ಮನುಷ್ಯ. ಒಂದು ದಿನವೂ ಬೈದವನಲ್ಲ. ಬೆಳಿಗ್ಗೆ ನಲ್ಲಿಯಿಂದ ತನ್ನ ಬಿಂದಿಗೆಗೆ ನೀರು ಹಿಡಿಯುತ್ತಾನೆ. ನಾನು ನನ್ನ ಕೊಡ ನೆಲದ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ. ಅವನು ಎದೆಯ ಎತ್ತರದಿಂದ ಸುರಿಯುತ್ತಾನೆ. ಅರ್ಧ ನೀರು ನನ್ನ ಸೀರೆಯ ನಿರಿಗೆಗೆ ಸಿಡಿಯುತ್ತದೆ.

"ಹುಷಾರವ್ವ, ಜಾರ್ತೈತೆ," ಎನ್ನುತ್ತಾನೆ.

ಸೋಮವಾರ ಕೊಟ್ಟೂರಪ್ಪ ಬರುವುದಿಲ್ಲ. ಹೊಳೆ ದಂಡೆಯ ಗುಡಿಗೆ ಹೋಗುತ್ತಾನೆ. ಅಮಾವಾಸ್ಯೆಗೂ ಹೋಗುತ್ತಾನೆ. ಹರಕೆ. ಬೀಗದ ಕೈ ಉಡಿದಾರದಲ್ಲೇ ಹೋಗುತ್ತದೆ. ಅವನು ಅಲ್ಲಿ ಲಿಂಗಕ್ಕೆ ಕೊಡಗಟ್ಟಲೆ ನೀರು ಎರೆಯುತ್ತಾನೆ. ಸೋಮವಾರ ನನಗೂ ಉಪವಾಸ. ಅದೇ ದೇವರಿಗೆ. ಖಾಲಿ ಹೊಟ್ಟೆಯಲ್ಲಿ, ಖಾಲಿ ಕೊಡ ಹಿಡಿದು ಬಾನಿಯ ಮುಂದೆ ಕೂರುತ್ತೇನೆ.

ಮೊದಲ ವರ್ಷ ಉಪಾಯ ಹುಡುಕಿದೆ. ಭಾನುವಾರವೇ ಒಂದು ಕೊಡ ನೀರು ಸುರಿಸಿಕೊಂಡು ಆಫೀಸಿನ ವರಾಂಡದಲ್ಲಿ ಇಟ್ಟೆ. ಸೋಮವಾರ ಬಂದು ನೋಡಿದರೆ ಕೊಡ ಗೇಟಿನ ಹೊರಗೆ ಬೋರಲಾಗಿತ್ತು. ಮುಂದಿನ ಸೋಮವಾರ ಕೇರಿಯ ಬೋರಿನಿಂದ ಒಂದು ಕೊಡ ಹೊತ್ತು ತಂದು ಬಾನಿಗೆ ಹಾಕಿದೆ. ಆರು ಪಾಯಿಂಟ್ ಎಂಟು ಎಂದು ಬರೆದೆ. ಮಂಗಳವಾರ ಕೊಟ್ಟೂರಪ್ಪ ಬಾನಿಯನ್ನು ನೋಡಿದ. ನನ್ನ ಕೊಡ ನೋಡಿದ. ಸಾಹೇಬರ ಕೋಣೆಗೆ ಹೋದ.

ಸಾಹೇಬರು ಕರಿಬಸವರಾಜ. ಇಂಜಿನಿಯರು.

"ಹಂಪವ್ವ, ಕೇರಿ ನೀರು ಉಪ್ಪು. ಉಪ್ಪು ನೀರು ಕಮ್ಮಿ ಆರ್ತೈತೆ. ಸೈನ್ಸ್ ಓದೀಯಲ್ಲ, ಗೊತ್ತಿಲ್ಲೇನು?" ಎಂದರು.

"ಗೊತ್ತೈತ್ರಿ."

"ಮತ್ತೆ? ಎಲ್ಲಾ ಚೆಲ್ಲಿ ತೊಳಿ."

ಬಾನಿಯಲ್ಲಿ ಇನ್ನೂರ ಮೂವತ್ತು ಲೀಟರು ನೀರು ಹಿಡಿಯುತ್ತದೆ. ಚೆಂಬಿನಿಂದ ಮೊಗೆದು ಚೆಲ್ಲಿದೆ. ಒಳಗೆ ಇಳಿದು ಕುಕ್ಕರುಗಾಲಲ್ಲಿ ಕೂತು ಇಟ್ಟಿಗೆ ಪುಡಿ ಹಾಕಿ ತಿಕ್ಕಿದೆ. ಏಪ್ರಿಲ್ ತಿಂಗಳು. ತಗಡು ಕಾದಿತ್ತು. ಅಂಗಾಲಿನ ಚರ್ಮ ಎದ್ದಿತು. ಆಮೇಲೆ ಕೊಟ್ಟೂರಪ್ಪ ಸುರಿದ, ನಾನು ಹೊತ್ತೆ. ಇಪ್ಪತ್ತಮೂರು ಕೊಡ. ಹದಿನೈದನೆಯದಕ್ಕೆ ಅವನು "ತೋಳು ನೋಯ್ತೈತೆ, ಸ್ವಲ್ಪ ತಾಳು" ಎಂದ. ನಾನು ತಾಳಿದೆ. ಹೊರಗಿನ ನೀರು ಹಾಕಿದ್ದಕ್ಕೆ ಮೆಮೊ ಕೊಟ್ಟರು. ಸೈನ್ ಹಾಕಿದೆ.

ಅಲ್ಲಿಂದ ಸೋಮವಾರ ಬಂದರೆ ಹಾಕಿದ ನೀರು ಎಷ್ಟೋ ಅಷ್ಟನ್ನೇ ಬರೆದೆ. ಸೊನ್ನೆ. ಕಾಲಂ ಖಾಲಿ ಬಿಡಬಾರದು ಎಂದು ನಿಯಮ. ಮಂಗಳವಾರ ಎರಡು ದಿನದ್ದು ಸೇರಿ ಹದಿಮೂರು, ಹದಿನಾಲ್ಕು. ಒಮ್ಮೆ ರುಮಾನಾ ಫೋನು ಮಾಡಿದಳು.

"ಅಕ್ಕಾ, ಮಂಗಳವಾರದ್ದು ಹದಿನಾಲ್ಕು ಬರದೀರಿ. ಹತ್ತು ದಾಟಿದ್ರೆ ಸಿಸ್ಟಂ ಕೆಂಪಾಗ್ತೈತೆ. ಸರಾಸರಿ ಹಾಕು ಅಂದಾರೆ ನಮ್ ಸಾಹೇಬ್ರು. ಹಾಕ್ಲಾ?"

"ಸೋಮವಾರದ ಸೊನ್ನೆಗೆ ಏನ್ ಮಾಡ್ತಿ?"

"ಸೊನ್ನೆಗೆ ಸಿಸ್ಟಂ ಏನೂ ಅನ್ನಲ್ಲಕ್ಕಾ."

ಮಂಗಳವಾರದ ಹದಿನಾಲ್ಕು ಕಂಪ್ಯೂಟರಿನಲ್ಲಿ ಏಳಾಯಿತು, ಸೋಮವಾರದ ಸೊನ್ನೆ ಸೊನ್ನೆಯಾಗೇ ಉಳಿಯಿತು. ಹೀಗೆ ಹನ್ನೊಂದು ವರ್ಷ ಕೆಂಚಿಕಟ್ಟೆಯಲ್ಲಿ ಸೋಮವಾರ ನೀರು ಆರಲಿಲ್ಲ.

ಹೋದ ವರ್ಷ ಬೇಸಿಗೆಯಲ್ಲಿ ಇಲಾಖೆಯ ಟ್ರ್ಯಾಕ್ಟರು ಬಂತು. ಕಟ್ಟೆಯ ಈಚೆ ದಂಡೆಯಲ್ಲಿ ನಮ್ಮ ಕೇರಿಯ ಹದಿನಾಲ್ಕು ಮನೆಯವರು ಸೇರಿ ಸೊಪ್ಪು, ಬದನೆ, ಹೀರೆ ಬೆಳೆಯುತ್ತಿದ್ದೆವು. ಐದು ಎಚ್‌ಪಿ ಪಂಪು ಒಂದಿತ್ತು. ಪರ್ಮಿಷನ್ ಪತ್ರವೂ ಇತ್ತು. ಕಟ್ಟೆಯ ಲೆಕ್ಕದಲ್ಲಿ ನೀರು ಭಾರೀ ಕಮ್ಮಿ ಬಂದಿದೆ, ಅನಧಿಕೃತವಾಗಿ ಎತ್ತಲಾಗಿದೆ ಎಂದು ನೋಟೀಸು ಓದಿದರು. ಪಂಪು ಬಿಚ್ಚಿ ಟ್ರ್ಯಾಕ್ಟರಿಗೆ ಹಾಕಿದರು. ಆಚೆ ದಂಡೆಯಲ್ಲಿ ಏಳು ದೊಡ್ಡ ಪಂಪುಗಳಿದ್ದವು. ಅವು ಓಡುತ್ತಲೇ ಇದ್ದವು. ಟ್ರ್ಯಾಕ್ಟರು ಈಚೆ ದಂಡೆಗೆ ಬಂದಿತ್ತು.

ಅಂದಿನಿಂದ ಊರಲ್ಲಿ ನಮಗೆ ನೀರುಗಳ್ಳರು ಎಂದು ಹೆಸರು. ಹೆಂಗಸರು ದಾವಣಗೆರೆಯ ಮೆಕ್ಕೆಜೋಳದ ಕಣಕ್ಕೆ ಕಾಳು ಕೇರಲು ಹೊರಟರು. ಅವರಲ್ಲಿ ಹಿರಿಯಳು ಕೊಟ್ರವ್ವ, ನಮ್ಮ ಪಕ್ಕದ ಮನೆಯವಳು. ಸಂಜೆ ತಲೆ ತುಂಬ ಧೂಳು ಹೊತ್ತು ಬಂದು ನಮ್ಮ ಮನೆಯ ಜಗಲಿಯ ಮೇಲೆ ಕೂತಳು.

"ಏ ಹಂಪಿ, ಅದ್ಯಾವ್ ನೀರಿನ ಲೆಕ್ಕನೋ, ಅದನ್ನ ಬರಿಯಾಕಿ ನೀನಾ ಅಲ್ಲೇನೇ?"

"ಹೂಂ."

"ಹಂಗಾದ್ರೆ ನಮ್ಮನ್ನ ಕಳ್ಳರು ಅಂತ ಬರದಾಕೀನೂ ನೀನಾ."

ಅದು ಹೇಗೆಂದು ಆಗ ನನಗೆ ಗೊತ್ತಿರಲಿಲ್ಲ.

ಗೊತ್ತು ಮಾಡಿದವನು ಅರುಣ್ ಕುಮಾರ್. ದಾವಣಗೆರೆಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಂ.ಟೆಕ್ ಓದುವವನು. ಈ ಮಾರ್ಚಿನಲ್ಲಿ ಬಾತಿ ಊರು ದಾಟಿ ಬೈಕಿನಲ್ಲಿ ಬಂದ. ಹೊಳೆಗೆ ನೀರು ಕೊಡುವ ಪ್ರದೇಶವೆಲ್ಲ ಸೇರಿ ಬಿಸಿಲಿಗೆ ಎಷ್ಟು ನೀರು ಕಳೆದುಕೊಳ್ಳುತ್ತದೆ ಎಂದು ಹವಾಮಾನದ ಅಂಕಿಯಿಂದ ಲೆಕ್ಕ ಹಾಕುವುದು ಅವನ ಓದು. ಬಿಸಿಲಿನ ತಾಸು, ಗಾಳಿಯ ವೇಗ, ತೇವ, ಶಾಖ ನಾಲ್ಕನ್ನೂ ಸೂತ್ರಕ್ಕೆ ಹಾಕಿದರೆ ದಿನಕ್ಕೆ ಎಷ್ಟು ಆರಬೇಕು ಎಂದು ಬರುತ್ತದಂತೆ. ಅದನ್ನು ನನ್ನ ಬಾನಿಯ ಜೊತೆ ಹೋಲಿಸಿದ್ದ. ಲ್ಯಾಪ್‌ಟಾಪ್ ತೆರೆದು ತೋರಿಸಿದ. ಎರಡು ಗೆರೆ. ಒಂದು ನುಣುಪಾಗಿತ್ತು. ಇನ್ನೊಂದು ಏಳು ದಿನಕ್ಕೊಮ್ಮೆ ಬುಡಕ್ಕೆ ಬೀಳುತ್ತಿತ್ತು.

"ಮೇಡಂ," ಎಂದ. ಆ ಕಾಂಪೌಂಡಿನೊಳಗೆ ನನ್ನನ್ನು ಹಾಗೆ ಯಾರೂ ಕರೆದಿರಲಿಲ್ಲ. ಯಾರಾದರೂ ಬಂದರೇನೋ ಎಂದು ತಿರುಗಿ ನೋಡಿದೆ. "ಮೇಡಂ, ನಿಮ್ಮೂರಾಗೆ ಸೂರ್ಯನಿಗೆ ಸೋಮವಾರ ರಜಾ ಏನ್ರೀ?"

"ಸೂರ್ಯನಿಗಿಲ್ಲ. ಕೊಟ್ಟೂರಪ್ಪಾರಿಗೆ."

"ಅಮಾವಾಸ್ಯೆಗೂ ಬೀಳ್ತೈತೆ ಇದು."

"ಅಮಾವಾಸ್ಯೆಗೂ ಅವರಿಗೆ ರಜಾ."

ಅವನು ನಕ್ಕ. ನಾನು ನಗಲಿಲ್ಲ. ಅವನ ನಗು ತಾನಾಗಿ ನಿಂತಿತು. ಕೇಳಿದ್ದಕ್ಕೆಲ್ಲ ಹೇಳಿದೆ. ನಲ್ಲಿ ತೋರಿಸಿದೆ. ಬೀಗ ತೋರಿಸಿದೆ. ಅವನು ಬೀಗ ಮುಟ್ಟಿ ಎಳೆದು ನೋಡಿದ. ಆಮೇಲೆ ಬಿಸಿಲಲ್ಲೇ ಕೂತು ಲೆಕ್ಕ ಮಾಡಿದ. ತಿಂಗಳಿಗೆ ಐದು ದಿನ. ಮುನ್ನೂರು ಎಕರೆ. ಹೋದ ಬೇಸಿಗೆಯ ನಾಲ್ಕು ತಿಂಗಳಲ್ಲಿ ಲೆಕ್ಕಕ್ಕೆ ಸಿಗದೆ ಆರಿಹೋದ ನೀರು ಹನ್ನೊಂದೂವರೆ ಕೋಟಿ ಲೀಟರು.

"ನಿಮ್ ಪಂಪು ದಿನಕ್ಕೆ ಎಷ್ಟು ತಾಸು ಓಡ್ತಿತ್ತು?"

"ಕರೆಂಟು ಏಳು ತಾಸು ಕೊಡ್ತಾರೆ."

ಮತ್ತೆ ಒತ್ತಿದ. "ಇಷ್ಟು ನೀರು ಎತ್ತಾಕೆ ನಿಮ್ ಪಂಪಿಗೆ ಒಂದೂಕಾಲು ವರ್ಷ ಬೇಕು. ನಾಲ್ಕು ತಿಂಗಳಾಗೆ ಕದ್ದೀರಿ ಅಂತ ಬರದಾರೆ."

ಬಿಸಿಲು ಕುಡಿದ ನೀರನ್ನು ನಮ್ಮ ತಲೆಗೆ ಬರೆದಿದ್ದರು. ನನ್ನ ಕೈಬರಹದಲ್ಲಿ.

ಅರುಣ್ ಕುಮಾರ್ ವರದಿ ಬರೆದು ಕಳಿಸಿದ. ತಿಂಗಳಾದ ಮೇಲೆ ಫೋನು ಮಾಡಿದ. ಈಗ ಮೇಡಂ ಹೋಗಿ ಅಕ್ಕಾ ಆಗಿತ್ತು.

"ಅಕ್ಕಾ, ತಪ್ಪು ತಿಳ್ಕೋಬ್ಯಾಡ್ರಿ. ಬೀಗದ ಸುದ್ದಿ ಎಲ್ಲಾ ಬರದಿದ್ದೆ. ಜಾತಿ ಜಲವಿಜ್ಞಾನದ ವ್ಯಾಪ್ತಿಗೆ ಬರಲ್ಲ ಅಂದ್ರು ನಮ್ ಗೈಡು. ತೆಗೆಸಿದ್ರು."

"ಏನಂತ ಐತೆ ಈಗ?"

"ವೀಕ್ಷಕಿಯ ವೈಯಕ್ತಿಕ ಕಾರಣಗಳಿಂದ ಸೋಮವಾರಗಳಂದು ಅಳತೆ ಆಗಿಲ್ಲ ಅಂತ."

ವರದಿ ಮೇಲಿನವರಿಗೆ ಹೋಯಿತು. ಮೇಲಿನವರು ಕಾರಣ ಕೇಳಿ ಕಾಗದ ಬರೆದರು. ಕರಿಬಸವರಾಜ ಸಾಹೇಬರು ನನ್ನನ್ನು ಕೋಣೆಗೆ ಕರೆದರು. ಹೊಸ್ತಿಲ ಹೊರಗೆ ನಿಂತೆ. ಟೈಪು ಮಾಡಿದ ಹಾಳೆಯೊಂದನ್ನು ಮೇಜಿನ ತುದಿಗೆ ನೂಕಿದರು.

"ಸೋಮವಾರ ನೀನು ಕೆಲಸಕ್ಕೆ ಬರ್ತಿರ್ಲಿಲ್ಲ, ಸುಮ್ನೆ ಸೊನ್ನೆ ಬರೀತಿದ್ದೆ ಅಂತ ಐತೆ. ಸೈನ್ ಹಾಕು."

"ನಾನು ಬಂದೀನಲ್ರಿ. ಹಾಜರಿ ಪುಸ್ತಕದಾಗೆ ಸೈನ್ ಐತೆ."

"ಪುಸ್ತಕ ನಾನು ನೋಡ್ಕೋತೀನಿ. ಕೇಳಿಲ್ಲಿ. ಸೈನ್ ಹಾಕಿದ್ರೆ ನೀರು ಆರಿದ್ದು ಅಂತ ಆಗ್ತೈತೆ. ಕದ್ದಿದ್ದಲ್ಲ ಅಂತ ಆಗ್ತೈತೆ. ನಿಮ್ ಕೇರಿ ಪಂಪು ವಾಪಸ್ ಕೊಡಿಸ್ತೀನಿ. ನಿನಗೊಂದು ಎಚ್ಚರಿಕೆ ಪತ್ರ ಬರ್ತೈತೆ, ಅಷ್ಟೇ. ಯಾರಿಗೂ ತೊಂದ್ರೆ ಇಲ್ಲ."

"ಬೀಗದ ವಿಷಯ?"

"ಯಾವ ಬೀಗ?" ಎಂದರು ಸಾಹೇಬರು. ಕಿಟಕಿಯ ಆಚೆ ಬೀಗ ಕಾಣುತ್ತಿತ್ತು. "ಸೋಮವಾರ ದೊಡ್ಡ ಸಾಹೇಬ್ರು ದಾವಣಗೆರೆಯಿಂದ ಬರ್ತಾರೆ. ಅವರ ಮುಂದೆ ಹಾಕು."

ಸಂಜೆ ಕೊಟ್ರವ್ವನಿಗೆ ಹೇಳಿದೆ. ಅವಳು ಸೆರಗು ಬಿಚ್ಚಿ ಧೂಳು ಕೊಡವುತ್ತಿದ್ದಳು. ಕೈ ನಿಲ್ಲಿಸಿದಳು.

"ಸೈನ್ ಹಾಕಿದ್ರೆ ಪಂಪು ಬರ್ತೈತೆ?"

"ಬರ್ತೈತೆ ಅಂದ್ರು."

"ಹಾಕದಿದ್ರೆ?"

"ಬರಲ್ಲ. ನನ್ ಕೆಲಸನೂ ಇರ್ತೈತೋ ಇಲ್ಲೋ."

"ಅದ್ರಾಗೇನೈತಂತೆ, ಹೇಳು."

"ಸೋಮವಾರ ನಾನು ಹೋಗ್ತಿರ್ಲಿಲ್ಲ ಅಂತ."

ಕೊಟ್ರವ್ವ ಕೆಮ್ಮಿದಳು. ಜೋಳದ ಧೂಳಿನ ಕೆಮ್ಮು. ಬೇಗ ನಿಲ್ಲುವುದಿಲ್ಲ. ನಿಂತ ಮೇಲೆ ಹೇಳಿದಳು.

"ಹನ್ನೊಂದು ವರ್ಷ ನೋಡೀನಿ ನಾನು. ಉಪಾಸ ಇದ್ದು ಹೋಗ್ತಿದ್ದಿ. ಜ್ವರ ಇದ್ರೂ ಹೋಗ್ತಿದ್ದಿ. ಮಗಳ ಬಾಣಂತನದಾಗೂ ಹೋಗಿ ಬಂದಿ." ಸೆರಗು ಸಿಕ್ಕಿಸಿಕೊಂಡಳು. "ಕಾಳು ಕೇರೋದು ನನಗೇನು ಹೊಸದಲ್ಲ. ಇನ್ನೊಂದು ವರ್ಷ ಕೇರ್ತೀನಿ. ನಾನು ಹೋಗಿರ್ಲಿಲ್ಲ ಅಂತ ಬರ್ಕೊಟ್ಟು ಬಂದ್ರೆ ನನ್ ಮನಿ ಕಡೆ ಬರಬ್ಯಾಡ."

ಆ ಸೋಮವಾರವೇ ಅಮಾವಾಸ್ಯೆಯೂ ಬಂತು. ಸೋಮವಾರದ ಅಮಾವಾಸ್ಯೆ ಎಂದರೆ ಕೊಟ್ಟೂರಪ್ಪ ನಸುಕಿನಲ್ಲೇ ಹೊರಡುತ್ತಾನೆ. ರಜೆ ಕೇಳಿದ್ದ. ಕರಿಬಸವರಾಜ ಸಾಹೇಬರು ಕೊಟ್ಟಿದ್ದರು. ಅವರಿಗೆ ಬೇಕಾಗಿದ್ದದ್ದು ನನ್ನ ಸೈನು. ನೀರಿನ ನೆನಪು ಬರಲಿಲ್ಲ.

ಎಂಟು ಇಪ್ಪತ್ತಕ್ಕೆ ಜೀಪು ಬಂತು. ದೊಡ್ಡ ಸಾಹೇಬರು ಇಳಿದರು. ದಪ್ಪ ಕನ್ನಡಕ, ಕೈಯಲ್ಲಿ ಟೋಪಿ. ನೇರ ಬಾನಿಯ ಹತ್ತಿರ ಬಂದರು. ಹಾಳೆಗೆ ಮುಂಚೆ ಕೆಲಸ ನೋಡಬೇಕೆನ್ನುವ ಮನುಷ್ಯ.

"ಎಂಟೂವರೆ ಆತು. ಅಳತೆ ಮಾಡಮ್ಮ, ನೋಡೋಣ."

ಮೊಣಕಾಲೂರಿದೆ. ಬಲೆ ತೆಗೆದೆ. ಮೊಳೆಯ ತುದಿ ಬಯಲಾಗಿತ್ತು. ಖಾಲಿ ಕೊಡ ಪಕ್ಕದಲ್ಲಿಟ್ಟೆ. ಕಾದೆ.

"ನೀರೆಲ್ಲಿ?"

"ನಲ್ಲಿಯಾಗೈತ್ರಿ."

"ತಗೊಂಬಾ ಮತ್ತೆ."

"ಬೀಗ ಹಾಕೈತ್ರಿ."

"ಕೀ?"

"ಕೊಟ್ಟೂರಪ್ಪಾರ ಉಡಿದಾರದಾಗೈತ್ರಿ. ಅವರು ಗುಡಿಗೆ ಹೋಗ್ಯಾರೆ."

ದೊಡ್ಡ ಸಾಹೇಬರು ಕರಿಬಸವರಾಜರ ಕಡೆ ತಿರುಗಿದರು. "ನಲ್ಲಿಗೆ ಯಾಕ್ರೀ ಬೀಗ?"

"ಸರ್, ಅದು... ದನ ಬರ್ತಾವೆ ಸರ್."

"ದನ ನಲ್ಲಿ ತಿರುವ್ತಾವೇನ್ರೀ?"

ಕರಿಬಸವರಾಜರು ಡ್ರೈವರನನ್ನು ಕೂಗಿದರು. ಡ್ರೈವರ ಜೀಪಿನಿಂದ ನೀರಿನ ಕ್ಯಾನು ತಂದ. ನಮ್ಮೂರಿನವನಲ್ಲ. ನನ್ನ ಹೆಸರೂ ಗೊತ್ತಿಲ್ಲದವನು. ನನ್ನ ಹತ್ತಿರ ಬರುತ್ತಲೇ ಕರಿಬಸವರಾಜರು ಮೆಲ್ಲಗೆ "ಮ್ಯಾಲಿಂದ ಹಾಕು, ಮ್ಯಾಲಿಂದ" ಎಂದರು. ಅವನು ಕ್ಯಾನನ್ನು ಎದೆಯೆತ್ತರಕ್ಕೆ ಎತ್ತಿದ.

ನಾನು ಕೊಡ ಸರಿಸಿದೆ. ನೀರು ನೆಲಕ್ಕೆ ಬಿತ್ತು.

"ಸುರಿಯಬ್ಯಾಡ್ರಿ," ಎಂದೆ.

ಆ ಕಾಂಪೌಂಡಿನಲ್ಲಿ ನಾನು ಬ್ಯಾಡ ಎಂದದ್ದು ಅದೇ ಮೊದಲು. ನನ್ನ ದನಿ ನನಗೇ ಬೇರೆಯವರದ್ದೆನಿಸಿತು.

"ಯಾಕಮ್ಮ?" ಎಂದರು ದೊಡ್ಡ ಸಾಹೇಬರು.

"ಹನ್ನೊಂದು ವರ್ಷ ಸುರಿಸ್ಕೊಂಡೀನ್ರಿ. ಇನ್ನ ಆ ನಲ್ಲಿ ನನ್ ಕೈಲೇ ತಿರುವಿ ನೀರು ಹಿಡೀತೀನಿ. ಇಲ್ಲಾಂದ್ರೆ ಬಾನಿ ಹಿಂಗೇ ಇರ್ಲಿ."

"ಹಂಪವ್ವ!" ಎಂದರು ಕರಿಬಸವರಾಜರು. "ಪಂಪು ಬ್ಯಾಡೇನು ನಿಮಗೆ?"

"ಬೇಕ್ರಿ. ಅದು ನಮ್ದೇ ಪಂಪು."

ರಿಜಿಸ್ಟರು ಮಡಿಲಲ್ಲಿತ್ತು. ತೆರೆದೆ. ಹಾಕಿದ ನೀರು: ಸೊನ್ನೆ. ಕೊನೆಯ ಕಾಲಂ ಷರಾ. ವಿಶೇಷವೇನಾದರೂ ಇದ್ದರೆ ಅಲ್ಲಿ ಬರೆಯಬೇಕು. ಇಷ್ಟು ವರ್ಷ ಅಲ್ಲಿ ಮೋಡ, ಗಾಳಿ, ಬಲೆಯ ಮೇಲೆ ಕಾಗೆ ಎಂದೆಲ್ಲ ಬರೆದಿದ್ದೆ. ಈಗ ಬರೆದೆ:

ನಲ್ಲಿಗೆ ಬೀಗ. ವೀಕ್ಷಕಿ ಮಾದಿಗರವಳು, ನಲ್ಲಿ ಮುಟ್ಟುವಂತಿಲ್ಲ. ನೀರು ಹಾಕಿಲ್ಲ.

ತನಿಖೆಗೆ ಬಂದ ಅಧಿಕಾರಿ ಅಂದಿನ ಪುಟಕ್ಕೆ ಸಹಿ ಹಾಕಬೇಕು ಎಂದು ನಿಯಮ. ರಿಜಿಸ್ಟರನ್ನು ಅವರ ಮುಂದೆ ಹಿಡಿದೆ. ಪೆನ್ನನ್ನೂ ಹಿಡಿದೆ. ದೊಡ್ಡ ಸಾಹೇಬರು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಟೋಪಿ ಹಾಕಿಕೊಂಡರು.

"ಇದನ್ನ ಆಮೇಲೆ ನೋಡೋಣ," ಎಂದು ಜೀಪು ಹತ್ತಿದರು. ಹಾಳೆ ಮೇಜಿನ ಮೇಲೇ ಉಳಿಯಿತು.

ಪುಟ ಹರಿಯಲು ಬರುವುದಿಲ್ಲ. ಪ್ರತಿ ಪುಟಕ್ಕೂ ಅಚ್ಚಿನ ನಂಬರಿದೆ.

ಮಂಗಳವಾರ ಕೊಟ್ಟೂರಪ್ಪ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬಂದ. ಬಿಂದಿಗೆ ತುಂಬಿದ.

"ಹಿಡಿಯವ್ವ ಕೊಡಾನ."

"ಬ್ಯಾಡ್ರಿ."

"ನಾನೇನು ಅಂದೀನವ್ವ ನಿನಗೆ? ಒಂದಿನಾ ಒಂದು ಮಾತು ಅಂದೀನಾ?"

"ಇಲ್ರಿ. ಅಂದಿಲ್ಲ."

ಅವನು ಬಿಂದಿಗೆ ಹಿಡಿದು ನಿಂತೇ ಇದ್ದ. ತೋಳು ನೋಯುವವರೆಗೂ ನಿಂತ. ಆಮೇಲೆ ಗಿಡಕ್ಕೆ ಸುರಿದು ಒಳಗೆ ಹೋದ. ನಾನು ಸೊನ್ನೆ ಬರೆದೆ. ಷರಾ ಬರೆದೆ. ಬುಧವಾರವೂ. ಗುರುವಾರವೂ. ಶುಕ್ರವಾರ ಮೆಮೊ ಬಂತು: ಕೆಲಸಕ್ಕೆ ಅಡ್ಡಿ ಮಾಡಿದ್ದಕ್ಕೆ ಕಾರಣ ಕೊಡು. ಉತ್ತರವಾಗಿ ಷರಾವನ್ನೇ ನಕಲು ಮಾಡಿ ಕೊಟ್ಟೆ. ಇನ್ನೊಬ್ಬರನ್ನು ತರುತ್ತೇವೆ ಎಂದರು. ಇನ್ನೂ ಯಾರೂ ಬಂದಿಲ್ಲ. ಬಾನಿಯ ಗೋಡೆಯ ಮೇಲೆ ದಿನಕ್ಕೊಂದು ಬಿಳಿ ಗೆರೆ ಮೂಡುತ್ತಾ ಕೆಳಗಿಳಿಯಿತು. ಹಾಕುವ ನೀರಿಲ್ಲ, ಅಲುಗಾಟವಿಲ್ಲ, ಕಾಯುವುದೂ ಇಲ್ಲ. ಆದರೂ ಅಪ್ಪನ ಪದದ ಮೂರು ನುಡಿ ಹೇಳಿಯೇ ಏಳುತ್ತಿದ್ದೆ.

ಇವತ್ತು ತಿಂಗಳ ಕೊನೆ. ರುಮಾನಾ ಫೋನು ಮಾಡಿದಳು.

"ಅಕ್ಕಾ, ನಿನ್ನೆತನಕದ ಅಂಕಿ ಬಂದಾವು. ಷರಾ ಇದ್ದಂಗೇ ಏರಿಸ್ಬೇಕು ಅಂತ ರೂಲ್ ಐತೆ."

"ಹಂಗಾದ್ರೆ ಏರಿಸು."

"ನಮ್ ಸಾಹೇಬ್ರಿಗೆ ಕೇಳ್ದೆ. ನನ್ನ ಕೇಳಬ್ಯಾಡ ಅಂದ್ರು." ಮತ್ತೆ ಕೇಳಿದಳು. "ಹದಿನೇಳು ದಿನಾನೂ ಇದೇ ಬರದೀರಲ್ಲ. ಮೊದಲನೇದಕ್ಕೆ ಹಾಕಿ ಕೆಳಗೆಲ್ಲಾ ಅದೇ ಅಂತ ಚುಕ್ಕಿ ಇಡ್ಲಾ?"

"ಬ್ಯಾಡಮ್ಮ. ಒಂದೊಂದಕ್ಕೂ ಹಾಕು."

"ಸರಿ. ಫೋನ್ ಇಡಬ್ಯಾಡಕ್ಕಾ. ನಾನು ಓದ್ತಾ ಹೊಡೀತೀನಿ, ತಪ್ಪಿದ್ರೆ ಹೇಳ್ರಿ."

ಅವಳು ಓದಿದಳು. ನಲ್ಲಿಗೆ ಬೀಗ. ವೀಕ್ಷಕಿ ಮಾದಿಗರವಳು, ನಲ್ಲಿ ಮುಟ್ಟುವಂತಿಲ್ಲ. ನೀರು ಹಾಕಿಲ್ಲ. ಕೀಲಿಗಳು ಟಪಟಪ ಎಂದವು. ಎರಡನೆಯದು ಓದಿದಳು. ಮೂರನೆಯದು. ಮೊದಮೊದಲು ತಡವರಿಸುತ್ತಿದ್ದಳು. ಐದಾರು ಆದ ಮೇಲೆ ಬಾಯಿಗೆ ಬಂತು. ಮೇಳದಲ್ಲಿ ಅಪ್ಪ ಪದ ಹಿಡಿದಾಗ ಹಿಂದಿನವರು ಪಲ್ಲವಿ ಹೇಳುತ್ತಿದ್ದ ಹಾಗೆ ಒಂದೇ ಎಳೆತದಲ್ಲಿ ಹೇಳತೊಡಗಿದಳು. ನಾನು ಫೋನು ಕಿವಿಗೆ ಹಿಡಿದು ಬಾನಿಯ ಪಕ್ಕ ಕೂತು ಕೇಳಿದೆ. ಒಂದೂ ತಪ್ಪಲಿಲ್ಲ. ಬಾನಿಯಲ್ಲಿ ನಾಲ್ಕು ಬೆರಳು ನೀರು ಉಳಿದಿತ್ತು.

ಹದಿನೇಳು ಮುಗಿಯಿತು.

"ಇವತ್ತಿಂದು ಒಂದು ಉಳೀತು," ಎಂದಳು ರುಮಾನಾ. "ಹಾಕಿದ ನೀರು ಎಷ್ಟಕ್ಕಾ?"

ಕೊಟ್ಟೂರಪ್ಪ ವರಾಂಡದಲ್ಲಿ ನಿಂತಿದ್ದ. ಕೈ ಉಡಿದಾರದ ಮೇಲಿತ್ತು. ನಲ್ಲಿಯ ಮೇಲೆ ಬೀಗವಿತ್ತು.

"ಸೊನ್ನೆ."

"ಷರಾ?"

"ಅದೇ. ಪೂರಾ ಓದು."